ಮನೆಯಲ್ಲಿ ಕೂತು ಕೆಲಸ: ಗಾಳಿಗೆ ಲಾಭವೆಷ್ಟು, ಖೋಲಿಗೆ ಭಾರವೆಷ್ಟು?

ಕೆಲ ತಿಂಗಳ ಹಿಂದೆ ಒಂದು ರವಿವಾರ ಬೆಳಿಗ್ಗೆ ವಾಚನಾಲಯದಲ್ಲಿ ನಾವು ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದಾಗ, ನಮ್ಮಲ್ಲಿಗೆ ತಪ್ಪದೆ ಬರುವ ಒಬ್ಬ ತರುಣ ಓದುಗರು ಬಳಿಗೆ ಬಂದು ನಿಂತರು. ಅವರು ವಿಜಯಪುರ ಜಿಲ್ಲೆಯವರು. ಸೀರೆಯ ಸೆರಗು, ಅಂಚು, ಹಾಸಿಗೆಯ ಚಾದರ ಇವುಗಳಿಗೆ ನಮೂನೆ ತಯಾರಿಸಿಕೊಡುವ ಒಂದು ಸಣ್ಣ ಡಿಸೈನ್ ಕಚೇರಿಯಲ್ಲಿ ಕೆಲಸಕ್ಕಿದ್ದಾರೆ. ಮಾಲಕರನ್ನೂ ಹಿಡಿದು ಕಂಪ್ಯೂಟರಿನ ಮುಂದೆ ಕೂಡುವವರು ಆರು ಜನ. ಚಹಾ ತರಲು, ಮಾದರಿ ಬಟ್ಟೆಗಳನ್ನು ಗಿರಣಿಗಳಿಗೆ ಮುಟ್ಟಿಸಲು ಒಬ್ಬ ಸಿಪಾಯಿ.

"ಸಾಹೇಬ್ರ, ನಮ್ಮ ಮಾಲಕ್ರು ಗಾಲಾ ಬಿಟ್ಟುಬಿಡೋಣು, ಎಲ್ಲಾರೂ ಮನ್ಯಾಗ ಕೂತು ಕೆಲಸ ಮಾಡ್ರಿ ಅಂತಾರ. ಇದರಿಂದ ಪರಿಸರಕ್ಕ ಉಪಕಾರ ಆಗ್ತದಂತ. ಖರೇ ಏನ್ರಿ?" ಎಂದು ಅವರು ಕೇಳಿದರು.

ಒಮ್ಮೆಲೆ ಹೌದೆನ್ನಲೂ ಅಲ್ಲವೆನ್ನಲೂ ನಮಗಾಗಲಿಲ್ಲ. ನಾವು ಗಿರಣಿಯ ಕಾರಕೂನರು, ಓದು ಮೆಟ್ರಿಕ್‌ನಷ್ಟೇ. ಆದರೆ ಜಮಾ ಖರ್ಚಿನ ಲೆಕ್ಕ ಬರೆಯುವುದು ನಮ್ಮ ದಿನದ ಕೆಲಸ. ಹೊಗೆಗೂ ವಿದ್ಯುಚ್ಛಕ್ತಿಗೂ ಅದೇ ರೀತಿ ಲೆಕ್ಕ ಬರೆದು ನೋಡಬಹುದಲ್ಲವೆ? ಮುಂದಿನ ರವಿವಾರ ಆ ಲೆಕ್ಕದ ಹಾಳೆಯನ್ನು ಅವರ ಕೈಗಿತ್ತೆವು. ನಮ್ಮ ವಾಚಕರಲ್ಲಿ ಇಂಥ ಕಚೇರಿಗಳಲ್ಲಿ ದುಡಿಯುವವರು ಹಲವರಿರುವುದರಿಂದ ಅದನ್ನೇ ಇಲ್ಲಿ ವಿಸ್ತರಿಸಿ ಬರೆದಿದ್ದೇವೆ.

ಈ ವಿಚಾರ ಹುಟ್ಟಿದ್ದು ಹೇಗೆ?

ಮನೆಯಲ್ಲಿ ಕೂತು ಕಚೇರಿಯ ಕೆಲಸ ಮಾಡುವುದು ನಮಗೆಲ್ಲ ಪರಿಚಯವಾದದ್ದು 2020ರ ಮಾರ್ಚ್ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ. ಮುಂಬಯಿಯ ಲೋಕಲ್ ಗಾಡಿಗಳು ಕೂಡ ಸಾರ್ವಜನಿಕರಿಗೆ ನಿಂತುಹೋದ ದಿನಗಳವು. ಆದರೆ ವಿಚಾರ ಅದಕ್ಕಿಂತ ಬಹಳ ಹಳೆಯದು. 1973ರಲ್ಲಿಯೇ ಅಮೇರಿಕೆಯ ಜ್ಯಾಕ್ ನಿಲ್ಸ್ ಎಂಬ ಇಂಜಿನಿಯರರು, ಕೆಲಸಗಾರನನ್ನು ಕೆಲಸದ ಕಡೆಗೆ ಸಾಗಿಸುವ ಬದಲು ಕೆಲಸವನ್ನೇ ತಂತಿಯ ಮೂಲಕ ಕೆಲಸಗಾರನ ಕಡೆಗೆ ಸಾಗಿಸಬಾರದೇಕೆ ಎಂದು ಕೇಳಿ, ಆ ಪದ್ಧತಿಗೆ 'ಟೆಲಿಕಮ್ಯೂಟಿಂಗ್' ಎಂಬ ಹೆಸರಿಟ್ಟರು. ಅದೇ ವರ್ಷದ ಅಕ್ಟೋಬರದಲ್ಲಿ ಅರಬ್ ದೇಶಗಳು ಎಣ್ಣೆಯ ಸರಬರಾಜನ್ನು ತಡೆದದ್ದರಿಂದ ಪೆಟ್ರೋಲು ತುಟ್ಟಿಯಾಗಿ, ಈ ಮಾತಿಗೆ ಹೆಚ್ಚಿನ ಬೆಲೆ ಬಂದಿತು.

2020ರಲ್ಲಿ ಜಗತ್ತಿನ ಕಾರ್ಖಾನೆ ವಾಹನಗಳು ನಿಂತಾಗ, ಇಂಧನ ಸುಟ್ಟು ಗಾಳಿಗೆ ಸೇರುವ ಇಂಗಾಲಾಮ್ಲ ವಾಯುವಿನ ಪ್ರಮಾಣ ಆ ವರ್ಷ ನೂರಕ್ಕೆ ಸುಮಾರು 5ರಷ್ಟು ಇಳಿಯಿತು. ಕಾರ್ಬನ್ ಡೈಆಕ್ಸೈಡ್ ಎಂದು ಪತ್ರಿಕೆಗಳಲ್ಲಿ ನಾವು ಓದುವುದು ಇದನ್ನೇ; ಭೂಮಿಯ ಕಾವು ಏರಲು ಮುಖ್ಯ ಕಾರಣ ಇದೇ. ಆದರೆ ಮರುವರ್ಷ 2021ರಲ್ಲಿ ಅದು ಮತ್ತೆ ಮೇಲೇರಿತು. ಅಷ್ಟು ದೊಡ್ಡ ಬೀಗಮುದ್ರೆಯ ಕಾಲದಲ್ಲಿಯೂ ಇಳಿದದ್ದು ಅಷ್ಟೇ ಎಂಬುದನ್ನು ನೆನಪಿಟ್ಟರೆ, ಬರಿಯ ಮನೆಗೆಲಸದಿಂದ ಜಗತ್ತು ತಂಪಾಗುವುದೆಂಬ ಭ್ರಮೆ ನಮಗುಳಿಯಲಾರದು. ಆದರೂ ತನ್ನ ಪಾಲಿನದನ್ನು ಪ್ರತಿಯೊಬ್ಬನೂ ಇಳಿಸತಕ್ಕದ್ದೇ. ಪ್ರಶ್ನೆಯಿರುವುದು ನಿಜವಾಗಿ ಇಳಿಯುತ್ತದೆಯೆ, ಇಲ್ಲವೆ ಒಂದು ವಹಿಯಿಂದ ಮತ್ತೊಂದು ವಹಿಗೆ ವರ್ಗವಾಗುತ್ತದೆಯೆ ಎಂಬುದರಲ್ಲಿ.

ಕಚೇರಿಯ ಲೆಕ್ಕ

ಲೆಕ್ಕಕ್ಕೆ ಎರಡು ಅಳತೆಗಳು ಸಾಕು. ನಮ್ಮ ದೇಶದ ವಿದ್ಯುಚ್ಛಕ್ತಿಯ ಹೆಚ್ಚಿನ ಭಾಗ ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತಿರುವುದರಿಂದ, ಒಂದು ಯೂನಿಟ್ ಉರಿಸಿದರೆ ಸುಮಾರು 0.7 ಕಿಲೋಗ್ರಾಮ್ ಇಂಗಾಲಾಮ್ಲ ವಾಯು ಗಾಳಿಗೆ ಸೇರುತ್ತದೆ. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋಗ್ರಾಮ್. ಇನ್ನು ಆರು ಜನರ ಒಂದು ಕಚೇರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಿಮ್ಮ ಕಚೇರಿಯ ಅಂಕಿಗಳು ಬೇರೆ ಇರಬಹುದು. ಲೆಕ್ಕದ ದಾರಿ ಮಾತ್ರ ಇದೇ.

ಎರಡು ಏಸಿ ಯಂತ್ರಗಳು ತಾಸಿಗೆ ತಲಾ ಒಂದು ಯೂನಿಟ್‌ನಂತೆ 9 ತಾಸು ನಡೆದರೆ 18 ಯೂನಿಟ್. ಆರು ಕಂಪ್ಯೂಟರುಗಳು ತಲಾ 150 ವಾಟ್‌ನಂತೆ 8 ತಾಸು ನಡೆದರೆ 7.2 ಯೂನಿಟ್. ದೀಪಗಳಿಗೆಂದು 1.8 ಯೂನಿಟ್. ಒಟ್ಟು ದಿನಕ್ಕೆ 27. ತಿಂಗಳಿಗೆ 25 ದಿನಗಳ ಕೆಲಸವೆಂದರೆ 675 ಯೂನಿಟ್. ಇದರಿಂದ ಸುಮಾರು 470 ಕಿಲೋಗ್ರಾಮ್ ಇಂಗಾಲಾಮ್ಲ ವಾಯು.

ಇನ್ನು ಹೋಗಿಬರುವ ಖರ್ಚು. ಇಬ್ಬರು ಮೋಟಾರ್ ಸೈಕಲ್ಲಿನ ಮೇಲೆ ದಿನಕ್ಕೆ ತಲಾ 40 ಕಿಲೋಮೀಟರ್ ತಿರುಗುತ್ತಾರೆನ್ನೋಣ. ಲೀಟರಿಗೆ 50 ಕಿಲೋಮೀಟರಿನಂತೆ ಇಬ್ಬರದೂ ಕೂಡಿ ತಿಂಗಳಿಗೆ ಸುಮಾರು 92 ಕಿಲೋಗ್ರಾಮ್. ಮಾಲಕರು ಕಾರಿನಲ್ಲಿ ದಿನಕ್ಕೆ 30 ಕಿಲೋಮೀಟರ್. ಲೀಟರಿಗೆ 15ರಂತೆ ತಿಂಗಳಿಗೆ 115 ಕಿಲೋಗ್ರಾಮ್. ಉಳಿದ ಮೂವರು ಲೋಕಲ್ ಗಾಡಿಯವರು.

ಈ ಮೂವರದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಮುಂಬಯಿಯಲ್ಲಿ ವಿದ್ಯುತ್ ಗಾಡಿ ಮೊದಲು ಓಡಿದ್ದು 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಅಂದಿನಿಂದ ಇಂದಿನವರೆಗೆ ಒಂದು ಗಾಡಿಯಲ್ಲಿ ಸಾವಿರಗಟ್ಟಲೆ ಜನ ಕೂತು, ನಿಂತು, ಜೋತುಬಿದ್ದು ಹೋಗುತ್ತಾರೆ. ಖರ್ಚನ್ನು ಅಷ್ಟು ಜನಕ್ಕೆ ಹಂಚಿದರೆ ಒಬ್ಬನ ಪಾಲಿಗೆ ಬರುವುದು ತೀರ ಅಲ್ಪ. ಮೇಲಾಗಿ ನಾವು ಮನೆಯಲ್ಲುಳಿದರೆ 8-12ರ ಗಾಡಿ ನಿಲ್ಲುವುದಿಲ್ಲ. ನಮ್ಮನ್ನು ಬಿಟ್ಟು ಹೋಗುತ್ತದೆ, ಅಷ್ಟೆ. ಆದುದರಿಂದ ಲೋಕಲ್‌ನಲ್ಲಿ ಬರುವ ಕಾರಕೂನನನ್ನು ಮನೆಯಲ್ಲಿ ಕೂರಿಸಿ ಹೊಗೆ ಉಳಿಸಿದೆನೆಂದು ಯಾರಾದರೂ ಹೇಳಿದರೆ ಆ ಮಾತಿನಲ್ಲಿ ಹುರುಳು ಕಡಿಮೆ. ಉಳಿಯುವುದು ಆತನ ಎರಡು ಮೂರು ತಾಸು, ಪಾಸಿನ ದುಡ್ಡು, ಮೈಕೈ ನೋವು. ಇವೂ ದೊಡ್ಡ ಲಾಭಗಳೇ. ಆದರೆ ಆ ಲಾಭವನ್ನು ಅದರ ಹೆಸರಿನಿಂದಲೇ ಕರೆಯತಕ್ಕದ್ದು.

ಹೀಗೆ ಕಚೇರಿಯ ಒಟ್ಟು ಲೆಕ್ಕ: ವಿದ್ಯುತ್ತಿನಿಂದ 470, ಪೆಟ್ರೋಲಿನಿಂದ 207, ಕೂಡಿ ತಿಂಗಳಿಗೆ ಸುಮಾರು 680 ಕಿಲೋಗ್ರಾಮ್.

ಮನೆಯ ಲೆಕ್ಕ

ಈಗ ಅದೇ ಆರು ಜನರು ಅವೇ ಕಂಪ್ಯೂಟರುಗಳನ್ನು ಮನೆಗೊಯ್ದು ಕೆಲಸ ಮಾಡಿದರೆಂದುಕೊಳ್ಳೋಣ. ಕಂಪ್ಯೂಟರಿಗೆ ದಿನಕ್ಕೆ 1.2 ಯೂನಿಟ್, 75 ವಾಟ್‌ನ ಪಂಖಾ 9 ತಾಸು, ಒಂದು ಎಲ್‌ಇಡಿ ದೀಪ, ಎಲ್ಲ ಕೂಡಿ ಒಬ್ಬನಿಗೆ ಹತ್ತಿರ ಹತ್ತಿರ 2 ಯೂನಿಟ್. ಆರು ಜನಕ್ಕೆ ತಿಂಗಳಿಗೆ ಸುಮಾರು 295 ಯೂನಿಟ್. ಅಂದರೆ 206 ಕಿಲೋಗ್ರಾಮ್. ಮೊದಲಿನ 680 ಎಲ್ಲಿ, ಈ 206 ಎಲ್ಲಿ! ತಿಂಗಳಿಗೆ 470 ಕಿಲೋಗ್ರಾಮಿಗಿಂತ ಹೆಚ್ಚು ಉಳಿಯಿತು. ಮಾಲಕರ ಮಾತು ಖರೇ ಎಂದಾಯಿತು.

ಆದರೆ ತಡೆಯಿರಿ. ಮೇ ತಿಂಗಳ ಮಧ್ಯಾಹ್ನದ ಸೆಖೆಯಲ್ಲಿ ಆರು ಜನರೂ ತಮ್ಮ ತಮ್ಮ ಮನೆಯಲ್ಲಿ ಏಸಿ ಹಾಕಿಕೊಂಡರೆ? ಕಚೇರಿಯಲ್ಲಿ ಎರಡು ಯಂತ್ರಗಳು ಆರು ಜನರನ್ನು ತಂಪಾಗಿಟ್ಟಿದ್ದವು. ಈಗ ಆರು ಜನಕ್ಕೆ ಆರು ಯಂತ್ರಗಳು. ತಾಸಿಗೆ ಒಂದು ಯೂನಿಟ್‌ನಂತೆ ದಿನಕ್ಕೆ ಇವೇ 54 ಯೂನಿಟ್ ತಿನ್ನುತ್ತವೆ. ಉಳಿದುದನ್ನು ಕೂಡಿಸಿದರೆ ತಿಂಗಳಿಗೆ ಸುಮಾರು 1,645 ಯೂನಿಟ್, ಅಂದರೆ 1,150 ಕಿಲೋಗ್ರಾಮ್. ಕಚೇರಿಗೆ ಹೋಗಿಬರುತ್ತಿದ್ದಾಗ ಆಗುತ್ತಿದ್ದುದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು! ಮನೆಯಲ್ಲಿ ಕೂತು ಮಾಡಿದ ಮಾತ್ರಕ್ಕೆ ಕೆಲಸ ಹಸಿರಾಗುವುದಿಲ್ಲ. ಮನೆಯಲ್ಲಿ ಹೇಗೆ ಕೂತೆವೆಂಬುದರ ಮೇಲೆ ಎಲ್ಲವೂ ನಿಂತಿದೆ.

ಇದು ನಮ್ಮೊಬ್ಬರ ಕಾಗದದ ಮೇಲಿನ ಲೆಕ್ಕವಲ್ಲ. ಪ್ಯಾರಿಸ್ಸಿನಲ್ಲಿರುವ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯವರು 2020ರಲ್ಲಿ ಇದನ್ನೇ ವಿಚಾರಿಸಿ, ಕಾರಿನಲ್ಲಿ ಸುಮಾರು 6 ಕಿಲೋಮೀಟರಿಗಿಂತ ದೂರದಿಂದ ಕೆಲಸಕ್ಕೆ ಬರುವವನು ಮನೆಯಲ್ಲುಳಿದರೆ ಲಾಭ. ಹತ್ತಿರದವನು ಇಲ್ಲವೆ ಬಸ್ಸು ರೈಲುಗಳಲ್ಲಿ ಬರುವವನು ಉಳಿದರೆ ಇಂಗಾಲಾಮ್ಲ ಹೆಚ್ಚಲೂಬಹುದು ಎಂದು ಹೇಳಿದರು. ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್ ಕಂಪನಿಯ ಸಂಶೋಧಕರು 2023ರಲ್ಲಿ ಅಲ್ಲಿನ ನೌಕರರ ಲೆಕ್ಕ ತೆಗೆದರು. ಪೂರ್ತಿ ಮನೆಯಿಂದಲೇ ದುಡಿಯುವವನ ಪಾಲಿನ ಹೊಗೆ ನೂರಕ್ಕೆ 54ರ ವರೆಗೆ ಇಳಿಯಬಲ್ಲದು. ವಾರದಲ್ಲಿ ಎರಡರಿಂದ ನಾಲ್ಕು ದಿನ ಮನೆಯಲ್ಲಿದ್ದರೆ 11ರಿಂದ 29ರ ವರೆಗೆ. ಒಂದೇ ದಿನವಾದರೆ ಬರಿಯ 2. ಅಲ್ಲಿಯವರು ಬಹುಮಟ್ಟಿಗೆ ಕಾರಿನಲ್ಲಿ ತಿರುಗುವ ಜನ. ಅವರ ಅಂಕಿಗಳನ್ನು ಹಾಗೆಯೇ ನಮಗೆ ಹಚ್ಚಲಾಗದು. ಆದರೆ ಒಂದು ದಿನದ ಲಾಭ ಅಷ್ಟು ಕಡಿಮೆಯೇಕೆಂಬ ಕಾರಣ ನಮಗೂ ಹತ್ತುತ್ತದೆ: ಒಬ್ಬಿಬ್ಬರು ಬಾರದಿದ್ದರೂ ಕಚೇರಿಯ ದೀಪ, ಏಸಿಗಳು ಮೊದಲಿನಂತೆಯೇ ನಡೆಯುತ್ತವೆ. ಮೇಲೆ ಮನೆಯ ಖರ್ಚು ಬೇರೆ.

ಡಿಸೈನ್ ಕೆಲಸದ ವಿಶೇಷ

ಎಲ್ಲ ಕೆಲಸಗಳನ್ನೂ ಮನೆಗೊಯ್ಯಲಾಗದು. ಸಾಂಚಾ ನಡೆಸುವವನು ಸಾಂಚಾವನ್ನು ಹೆಗಲ ಮೇಲೆ ಹೊತ್ತು ಮನೆಗೆ ಹೋಗಬಲ್ಲನೆ? ಆದರೆ ಡಿಸೈನ್ ಕೆಲಸದ ಬಹುಭಾಗ ಹೋಗಬಲ್ಲದು. ಹಿಂದೆ ಅದೂ ಹೋಗುವಂತಿರಲಿಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬವರು ಮಗ್ಗಕ್ಕೆ ತೂತು ಕೊರೆದ ರಟ್ಟುಗಳನ್ನು ಜೋಡಿಸಿ, ನೂಲು ಯಾವಾಗ ಏಳಬೇಕು ಯಾವಾಗ ಇಳಿಯಬೇಕೆಂಬುದನ್ನು ಆ ತೂತುಗಳೇ ಹೇಳುವಂತೆ ಮಾಡಿದರು. ಅಂದಿನಿಂದ ಸೆರಗಿನ ನವಿಲು, ಅಂಚಿನ ಬಳ್ಳಿಗಳನ್ನು ಚೌಕಳಿಯ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆಯುವುದು, ಅದನ್ನು ನೋಡಿ ರಟ್ಟು ಕೊರೆಯುವುದು ನಡೆದುಬಂದಿತ್ತು. ಇಂದಿನ ಎಲೆಕ್ಟ್ರಾನಿಕ್ ಜಕಾರ್ಡಿಗೆ ರಟ್ಟು ಬೇಡ. ಕಂಪ್ಯೂಟರಿನ ಫೈಲು ಸಾಕು. ಆ ಫೈಲು ಮನೆಯಿಂದ ಮಗ್ಗಕ್ಕೆ ನಿಮಿಷದಲ್ಲಿ ಹೋಗುತ್ತದೆ. ಕಾಗದ, ರಟ್ಟು, ಓಡಾಟಗಳೆಲ್ಲ ಉಳಿದವು.

ಆದರೆ ಬಣ್ಣದ ಮಾತು ಬೇರೆ. ಪರದೆಯ ಮೇಲಿನ ಬಣ್ಣ ಬೆಳಕಿನಿಂದಾದದ್ದು. ಅರಿವೆಯ ಮೇಲಿನದು ರಂಗಿನಿಂದಾದದ್ದು. ಒಂದೇ ಫೈಲು ಒಬ್ಬರ ಪರದೆಯ ಮೇಲೆ ಕುಂಕುಮದಂತೆ ಕಂಡರೆ ಇನ್ನೊಬ್ಬರ ಮೊಬೈಲಿನಲ್ಲಿ ಇಟ್ಟಂಗಿಯಂತೆ ಕಾಣುತ್ತದೆ. ಬಿಸಿಲಿನಲ್ಲಿ ಒಂದೇ ಆಗಿ ಕಂಡ ಎರಡು ತುಣುಕುಗಳು ಟ್ಯೂಬ್ ಲೈಟಿನ ಕೆಳಗೆ ಬೇರೆಯಾಗುವುದೂ ಉಂಟು. ಅದಕ್ಕೆಂದೇ ಗಿರಣಿಗಳಲ್ಲಿ ಹಗಲಿನಂಥ ಬೆಳಕಿನ ಪೆಟ್ಟಿಗೆಯೊಳಗೆ ತುಣುಕುಗಳನ್ನಿಟ್ಟು ನೋಡುತ್ತಾರೆ.

ನಮ್ಮ ಗಿರಣಿಯಲ್ಲಿಯೇ ಒಮ್ಮೆ ಹೀಗಾಯಿತು. ಅವಸರದ ಮಾಲು. ಮಾದರಿ ತುಣುಕನ್ನು ಕಳಿಸಿ ತರಿಸುವ ವೇಳೆ ಉಳಿಯಲೆಂದು ಗಿರಾಕಿಯ ಕಡೆಯವರು ಅಂಚಿನ ಬಣ್ಣವನ್ನು ಮೊಬೈಲಿನಲ್ಲಿ ನೋಡಿ "ಸರಿ ಇದೆ" ಎಂದರು. ಮಾಲು ತಯಾರಾಗಿ ಹೋದ ಮೇಲೆ "ಇದು ನಾವು ಹೇಳಿದ ಬಣ್ಣವಲ್ಲ" ಎಂದು ಹಿಂದಿರುಗಿಸಿದರು. ಹಿಂದೆ ಬಂದ ಗಂಟುಗಳನ್ನು ರಜಿಸ್ಟರಿನಲ್ಲಿ ಬರೆದುಕೊಂಡವರು ನಾವೇ. ಆ ಅರಿವೆಗೆ ಹತ್ತಿದ ನೀರು, ರಂಗು, ಉಗಿ, ವಿದ್ಯುತ್ತು, ಲಾರಿಯ ಡೀಸೆಲ್ಲು ಎಲ್ಲವೂ ದಂಡ. ಮನೆಯಲ್ಲಿ ಕೂತು ತಿಂಗಳುಗಟ್ಟಲೆ ಉಳಿಸಿದ್ದನ್ನು ಇಂಥ ಒಂದು ತಪ್ಪು ತೊಳೆದುಹಾಕುತ್ತದೆ. ಆದುದರಿಂದ ಡಿಸೈನ್ ಕಚೇರಿಗಳು ಬಣ್ಣವನ್ನು ಹೆಸರಿನಿಂದ ಹೇಳದೆ ಪ್ಯಾಂಟೋನ್‌ನಂಥ ಬಣ್ಣದ ಪಟ್ಟಿಯ ನಂಬರಿನಿಂದಲೇ ಹೇಳಬೇಕು. ಆ ಪಟ್ಟಿಯ ಒಂದು ಪ್ರತಿ ಎರಡೂ ಕಡೆ ಇರಬೇಕು. ಕೊನೆಯ ಒಪ್ಪಿಗೆಯನ್ನು ಅರಿವೆಯ ತುಣುಕನ್ನು ಕೈಯಲ್ಲಿ ಹಿಡಿದೇ ಕೊಡಬೇಕು. ವಾರದಲ್ಲಿ ಒಂದೆರಡು ದಿನವಾದರೂ ಎಲ್ಲರೂ ಒಂದೆಡೆ ಕೂಡುವುದು ಈ ಕಾರಣಕ್ಕೂ ಅವಶ್ಯ.

ಹಾಗಾದರೆ ಮಾಡತಕ್ಕದ್ದೇನು?

ಒಂದನೆಯದು: ಬಾರದ ದಿನ ಎಲ್ಲರೂ ಒಟ್ಟಿಗೆ ಬಾರದಿರಬೇಕು. ಇಂದು ಇಬ್ಬರು, ನಾಳೆ ಮೂವರು ಎಂದು ಪಾಳಿ ಹಾಕಿದರೆ ಕಚೇರಿಯೂ ಉರಿಯುತ್ತದೆ, ಮನೆಯೂ ಉರಿಯುತ್ತದೆ. ವಾರದ ಆರು ದಿನಗಳಲ್ಲಿ ಎರಡು ದಿನ ಎಲ್ಲರೂ ಕಚೇರಿಗೆ ಬಂದು, ನಾಲ್ಕು ದಿನ ಕಚೇರಿಗೆ ಬೀಗ ಹಾಕಿದರೆ, ನಮ್ಮ ಉದಾಹರಣೆಯ 680 ಸುಮಾರು 360ಕ್ಕೆ ಇಳಿಯುತ್ತದೆ. ಬೀಗ ಹಾಕಿದ ದಿನಗಳಲ್ಲಿ ಆ ಜಾಗವನ್ನು ಇನ್ನೊಂದು ಸಣ್ಣ ಕಚೇರಿಯೊಂದಿಗೆ ಹಂಚಿಕೊಂಡರೆ ಬಾಡಿಗೆಯೂ ಉಳಿಯುತ್ತದೆ.

ಎರಡನೆಯದು: ತಂಪಿನ ವಿಚಾರ. ಕೂಡಿದ ಮಟ್ಟಿಗೆ ಪಂಖಾದಿಂದಲೇ ನಡೆಸಬೇಕು. ಈಗ ಬರುವ ಬಿಎಲ್‌ಡಿಸಿ ಪಂಖಾ ಸುಮಾರು 30 ವಾಟ್‌ನಲ್ಲಿ ತಿರುಗುತ್ತದೆ; ಹಳೆಯದಕ್ಕೆ 75 ಬೇಕು. ಏಸಿ ಬೇಕೇಬೇಕಾದರೆ 24 ಡಿಗ್ರಿಗಿಂತ ಕೆಳಗಿಳಿಸಬಾರದು. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಸುಮಾರು 6ರಷ್ಟು ವಿದ್ಯುತ್ತು ಉಳಿಯುವುದೆಂದು ಸರಕಾರದ ಇಂಧನ ದಕ್ಷತಾ ಮಂಡಳಿಯವರು ಹೇಳುತ್ತಾರೆ.

ಮೂರನೆಯದು: ಹೊಸ ಕಂಪ್ಯೂಟರು ಕೊಳ್ಳುವ ಅವಸರ ಬೇಡ. ಒಂದು ಲ್ಯಾಪ್‌ಟಾಪ್ ತಯಾರಾಗುವಾಗಲೇ ಸುಮಾರಾಗಿ 200 ಕಿಲೋಗ್ರಾಮಿನಷ್ಟು ಇಂಗಾಲಾಮ್ಲ ಹೊರಬಿದ್ದಿರುತ್ತದೆ. ಆರು ಹೊಸವನ್ನು ತಂದರೆ ಎರಡೂವರೆ ತಿಂಗಳ ಉಳಿತಾಯ ಅಲ್ಲಿಗೇ ಹೋಯಿತು. ಇದ್ದುದನ್ನು ರಿಪೇರಿ ಮಾಡಿಸಿ ನಡೆಸುವುದೇ ಲೇಸು. ಕೆಟ್ಟುಹೋದದ್ದನ್ನು ಭಂಗಾರದವನಿಗೆ ತೂಕಕ್ಕೆ ಹಾಕಬಾರದು. ತಾಮ್ರಕ್ಕಾಗಿ ವಾಯರು ಸುಡುವ ಆ ಹೊಗೆ ನಮ್ಮಂಥವರ ಗಲ್ಲಿಗಳಿಗೇ ಬರುತ್ತದೆ. ಇದನ್ನು ನೋಂದಾಯಿತ ಸಂಸ್ಥೆಗಳಿಗೇ ಕೊಡತಕ್ಕದ್ದು.

ನಾಲ್ಕನೆಯದು: ಸಣ್ಣಪುಟ್ಟ ಓಡಾಟ. ಕಚೇರಿಯಿಂದ ಬರುವಾಗ ಕಾಯಿಪಲ್ಲೆ ತರುತ್ತಿದ್ದವನು ಈಗ ಅದಕ್ಕೆಂದೇ ಗಾಡಿ ತೆಗೆದರೆ ಉಳಿದ ಪೆಟ್ರೋಲು ಅಲ್ಲಿ ಹೋಗುತ್ತದೆ. ನಡೆದು ಹೋದರೆ ಮೈಗೂ ಹಿತ.

ಭಾರ ಹೊರುವವರು ಯಾರು?

ಇಲ್ಲಿಯವರೆಗೆ ಗಾಳಿಯ ಲೆಕ್ಕವಾಯಿತು. ಇನ್ನು ಖೋಲಿಯ ಲೆಕ್ಕ.

ಕಚೇರಿಯ ವಿದ್ಯುತ್ ಬಿಲ್ಲು ಮಾಲಕರದು, ಮನೆಯದು ನಮ್ಮದು. ಮೇಲಿನ ಲೆಕ್ಕದಂತೆ ಒಬ್ಬನ ಮನೆಗೆ ತಿಂಗಳಿಗೆ ಸುಮಾರು 50 ಯೂನಿಟ್ ಹೆಚ್ಚಾಗುತ್ತದೆ. ಇಲ್ಲಿ ಮೊದಲ 100 ಯೂನಿಟ್‌ಗಳಿಗೆ ಒಂದು ದರ, ಅದನ್ನು ದಾಟಿದವುಗಳಿಗೆ ಏರಿದ ದರ. 80 ಉರಿಸುವವನು 130ಕ್ಕೆ ಹೋದರೆ ಆ ಹೆಚ್ಚಿನ 30ಕ್ಕೆ ಏರಿದ ದರ ತೆರಬೇಕು. ಇಂಟರ್‌ನೆಟ್ಟಿನ ದುಡ್ಡು ಬೇರೆ. ಆದುದರಿಂದ ಮನೆಗೆಲಸಕ್ಕೆ ಒಪ್ಪುವಾಗಲೇ ಇವೆರಡರ ಮೊಬಲಗು ಇಷ್ಟೆಂದು ಮಾತಾಡಿ, ಕಾಗದದ ಮೇಲೆ ಬರೆಸಿಕೊಳ್ಳುವುದು ಸರಿಯಾದ ರೀತಿ. ಗಾಲಾದ ಬಾಡಿಗೆ ಉಳಿಸಿದ ಮಾಲಕರಿಗೆ ಇದು ಭಾರವಾಗದು.

ಜಾಗದ ಪ್ರಶ್ನೆ ಇನ್ನೂ ಕಠಿಣ. ನಮ್ಮ ವಾಚಕರಲ್ಲಿ ಎಷ್ಟು ಜನಕ್ಕೆ ಬೇರೊಂದು ಕೋಣೆಯಿದೆ? ನಮಗೆ ಪ್ರಶ್ನೆ ಕೇಳಿದ ತರುಣರು ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಇನ್ನೂ ಮೂವರೊಂದಿಗೆ ಇರುತ್ತಾರೆ. ಅವರಲ್ಲಿ ಇಬ್ಬರಿಗೆ ರಾತ್ರಿ ಪಾಳಿ; ಹಗಲು ನಿದ್ದೆ ಮಾಡಬೇಕು. ಅಲ್ಲಿ ಕೂತು ಫೋನಿನಲ್ಲಿ ಗಿರಾಕಿಯೊಂದಿಗೆ ಮಾತಾಡುವುದೆಂದರೆ ದುಡಿದು ಬಂದವರ ನಿದ್ದೆ ಕೆಡಿಸಿದಂತೆ. ಸಂಸಾರವಂದಿಗರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಸಿಗುತ್ತಿದ್ದ ಎರಡು ತಾಸಿನ ಬಿಡುವೂ ಹೋಗುತ್ತದೆ. "ಊರಿಗೇ ಹೋಗಿ ಮಾಡಬಹುದಲ್ಲ" ಎನ್ನುವವರಿದ್ದಾರೆ. ಒಳ್ಳೆಯ ನೆಟ್‌ವರ್ಕು, ನಿಲ್ಲದ ವಿದ್ಯುತ್ತು ಇರುವ ಊರಾದರೆ ಆದೀತು. ತಂದೆ ತಾಯಿಗಳ ಹತ್ತಿರ ಇದ್ದಂತೆಯೂ ಆದೀತು. ಆದರೆ ಹೊಸದಾಗಿ ಕೆಲಸ ಕಲಿಯುವವನು ಹಿರಿಯರ ಪಕ್ಕದಲ್ಲಿ ಕೂತು ಕಣ್ಣಿನಿಂದ ಕಲಿಯುವಷ್ಟನ್ನು ದೂರದಿಂದ ಕಲಿಯಲಾರ.

ಕೊನೆಯದಾಗಿ ಸಿಪಾಯಿ. ಆರು ಜನರ ಲೆಕ್ಕ ಹಾಕುವಾಗ ಏಳನೆಯವನನ್ನು ಎಲ್ಲರೂ ಮರೆಯುತ್ತಾರೆ. ಮೊದಲ ಸಲ ನಾವೂ ಮರೆತೆವು. ಆತನ ಕೆಲಸವನ್ನು ಫೈಲಿನಲ್ಲಿ ಕಳಿಸಲಾಗದು. ಗಾಲಾ ಮುಚ್ಚಿದರೆ ಆತನ ಅನ್ನವೇ ಮುಚ್ಚುತ್ತದೆ. ಆದರೆ ಆರು ಜನ ಆರು ಕಡೆ ಹಂಚಿಹೋದ ಮೇಲೆ ಮಾದರಿ ತುಣುಕುಗಳನ್ನು ಮನೆಮನೆಗೆ ಮುಟ್ಟಿಸಿ, ಬಣ್ಣದ ಒಪ್ಪಿಗೆಯನ್ನು ತಂದುಕೊಡುವವನು ಮೊದಲಿಗಿಂತ ಹೆಚ್ಚು ಬೇಕಾಗುತ್ತಾನೆ. ಲೋಕಲ್ ಗಾಡಿಯ ಪಾಸೊಂದು ಕೊಟ್ಟರೆ ಆ ಕೆಲಸ ಹೊಗೆಯಿಲ್ಲದೆ ನಡೆಯುತ್ತದೆ. ಒಬ್ಬ ಬಡವನನ್ನು ಬೀದಿಗೆ ಹಾಕಿ ಗಾಳಿ ಶುದ್ಧ ಮಾಡಿದೆನೆಂದರೆ ಆ ಶುದ್ಧಿಗೆ ಅರ್ಥವಿಲ್ಲ.

ನಮ್ಮ ತರುಣ ಓದುಗರು ಈ ಹಾಳೆಯನ್ನು ತಮ್ಮ ಮಾಲಕರಿಗೆ ತೋರಿಸಿದರು. ಮಾಲಕರೂ ಸಜ್ಜನರು, ಸಿಟ್ಟಾಗಲಿಲ್ಲ, ಕೂತು ಓದಿದರು. ವಾರಕ್ಕೆ ಎರಡು ದಿನ ಎಲ್ಲರೂ ಕೂಡುವುದು, ವಿದ್ಯುತ್ತು ಇಂಟರ್‌ನೆಟ್ಟಿಗೆಂದು ತಿಂಗಳಿಗೆ ಇಂತಿಷ್ಟು ಕೊಡುವುದು, ಇವಕ್ಕೆ ಒಪ್ಪಿದ್ದಾರೆ. ಸಿಪಾಯಿಯ ವಿಷಯವನ್ನು "ದೀಪಾವಳಿಯವರೆಗೆ ನೋಡೋಣ" ಎಂದಿದ್ದಾರೆ. ಅದು ಇನ್ನೂ ತೂಗಾಡುತ್ತಿದೆ.

ಜಾಗದ ಬಗ್ಗೆ ನಮ್ಮದೊಂದು ಸೂಚನೆಯಿದೆ. ವಾಚನಾಲಯವು ಬೆಳಿಗ್ಗೆ ಮತ್ತು ಸಂಜೆ ತುಂಬಿರುತ್ತದೆ; ಮಧ್ಯಾಹ್ನ 11ರಿಂದ 4ರ ವರೆಗೆ ಎರಡು ಪಂಖಾಗಳ ಕೆಳಗೆ ಬೆಂಚುಗಳು ಖಾಲಿ ಇರುತ್ತವೆ. ಖೋಲಿಯಲ್ಲಿ ಕೂಡಲು ಜಾಗವಿಲ್ಲದ ನಾಲ್ಕಾರು ಸದಸ್ಯರು ಆ ವೇಳೆಯಲ್ಲಿ, ಓದುವವರಿಗೆ ತೊಂದರೆಯಾಗದಂತೆ, ಫೋನಿನ ಮಾತನ್ನು ಹೊರಗಿನ ಕಟ್ಟೆಯ ಮೇಲೆ ಮುಗಿಸಿಕೊಂಡು, ಇಲ್ಲಿ ಕೂತು ಕೆಲಸ ಮಾಡಬಹುದೆ? ನಾಲ್ಕು ಖೋಲಿಗಳಲ್ಲಿ ನಾಲ್ಕು ಪಂಖಾ ತಿರುಗುವ ಬದಲು ಇಲ್ಲಿ ಎರಡು ತಿರುಗಿದರೆ ಸಾಕು. ವಿದ್ಯುತ್ತಿನ ಖರ್ಚಿಗೆ ಅವರು ಅಷ್ಟಿಷ್ಟು ಕೊಟ್ಟರೆ ಸಂಘಕ್ಕೂ ಭಾರವಾಗದು. ಈ ಸೂಚನೆಯನ್ನು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಇಡುವವರಿದ್ದೇವೆ. ಒಪ್ಪುವವರೂ ಒಪ್ಪದವರೂ ತಮ್ಮ ಅಭಿಪ್ರಾಯವನ್ನು ಬಾಗಿಲ ಬಳಿಯ ಸೂಚನಾ ವಹಿಯಲ್ಲಿ ಬರೆದಿಡಬೇಕೆಂದು ವಿನಂತಿ.